ವಾಟ್ಸನ್ ಭಾಗವತನೋ, ಹಾಸ್ಯಗಾರನೋ?

ನಮ್ಮ ಸಾಗರದ ಕಡೆ ಅಡಿಕೆ ಸುಲಿತ ಶುರುವಾದರೆ ರಾತ್ರಿ ಹನ್ನೊಂದಾದರೂ ಯಾರೂ ಮಲಗುವುದಿಲ್ಲ. ಮೆಟ್ಟುಗತ್ತಿ ಮುಂದೆ ಹತ್ತು ಹನ್ನೆರಡು ಜನ ಕೂತಿರುತ್ತಾರೆ. ಕೈ ಅಡಿಕೆ ಮೇಲೆ, ಕಣ್ಣು ಕತ್ತಿ ಮೇಲೆ, ಕಿವಿ ಮಾತ್ರ ಖಾಲಿ. ಮೊದಲೆಲ್ಲ ಆ ಕಿವಿಗೆ ಯಾರಾದರೂ ಕಥೆ ಹೇಳುತ್ತಿದ್ದರು, ಇಲ್ಲವೇ ತಾಳಮದ್ದಲೆಯ ಕ್ಯಾಸೆಟ್ ಓಡುತ್ತಿತ್ತು. ಹೋದ ವರ್ಷ ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ನಾನು ಸ್ಟೂಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಷರ್ಲಾಕ್ ಹೋಮ್ಸ್ ಹಾಕಿದೆ. ಹತ್ತು ನಿಮಿಷ ಆಗಿರಬಹುದು. ಚಿಕ್ಕಮ್ಮ ಅಡಿಕೆಯಿಂದ ತಲೆ ಎತ್ತದೆ ಕೇಳಿದರು. "ಅಲ್ಲ ಮಾರಾಯ, ಈಗ ಎಂತ ಆಯ್ತು ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕಲ್ಲ? ಆ ಡಾಕ್ಟ್ರು ಸುಮ್ನೆ ಹಿಂದೆ ಹಿಂದೆ ಹೋಗ್ತಾನಲ್ಲ, ಅವ್ನ ಕೆಲಸ ಎಂತದು?"

ಇದು ನಿಜವಾಗಿಯೂ ಕೇಳಬೇಕಾದ ಪ್ರಶ್ನೆ. ಪುಸ್ತಕದಲ್ಲಿ ಆ ಡಾಕ್ಟರಿಗೆ ದೊಡ್ಡ ಕೆಲಸ ಇದೆ, ಕಥೆ ಹೇಳುವುದು. ಕಾನನ್ ಡಾಯ್ಲ್ ಬರೆದ ಹೋಮ್ಸ್ ಕಥೆಗಳು ಒಟ್ಟು 60. ಕಾದಂಬರಿ 4, ಸಣ್ಣ ಕಥೆ 56. ಅದರಲ್ಲಿ ನಾಲ್ಕು ಕಥೆ ಬಿಟ್ಟರೆ ಉಳಿದವನ್ನೆಲ್ಲ ನಮಗೆ ಹೇಳುವವನು ಡಾಕ್ಟರ್ ವಾಟ್ಸನ್. ಹೋಮ್ಸ್ ನೆಲದ ಮೇಲೆ ಮಲಗಿ ಭೂತಗನ್ನಡಿ ಹಿಡಿದು ಏನೋ ನೋಡುತ್ತಾನೆ. ಅವನು ಕಂಡಿದ್ದೇನು ಅಂತ ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ವಾಟ್ಸನ್‌ಗೆ ಗೊತ್ತಿಲ್ಲ. ಗುಟ್ಟು ಕೊನೆಯವರೆಗೆ ಉಳಿಯುವುದೇ ಈ ಮನುಷ್ಯನಿಂದ. ಕಥೆ ತೆರೆಗೆ ಬಂದ ಕೂಡಲೇ ಹೇಳುವ ಕೆಲಸವನ್ನು ಕ್ಯಾಮೆರಾ ಕಿತ್ತುಕೊಳ್ಳುತ್ತದೆ. ಆಗ ವಾಟ್ಸನ್ ಬರಿಗೈಯಲ್ಲಿ ನಿಲ್ಲುತ್ತಾನೆ, ನಿರ್ದೇಶಕ ಅವನಿಗೆ ಬೇರೆ ಕೆಲಸ ಹುಡುಕಬೇಕಾಗುತ್ತದೆ. ಏನು ಕೆಲಸ ಹುಡುಕಿದ್ದಾರೆ ಅಂತ ನೋಡಿದರೆ ಸಾಕು, ಆ ಸಿನಿಮಾ ಎಂಥದ್ದು ಅಂತ ನನಗೆ ಗೊತ್ತಾಗುತ್ತದೆ. ಈಗ ಯಾವ ಹೊಸ ಪತ್ತೇದಾರಿ ಸರಣಿ ಬಂದರೂ ನಾನು ಮೊದಲು ನೋಡುವುದು ಪಕ್ಕದವನನ್ನೇ.

ಆಟ ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದಲ್ಲಿ ಭಾಗವತರು ಹಿಂದೆ ಕೂತು ಪದ ಹೇಳುತ್ತಾರೆ. ಅವರು ಕುಣಿಯುವುದಿಲ್ಲ, ಯುದ್ಧ ಮಾಡುವುದಿಲ್ಲ, ಆದರೂ ಇಡೀ ಪ್ರಸಂಗ ನಡೆಯುವುದು ಅವರ ತಾಳಕ್ಕೆ. ಹಾಸ್ಯಗಾರ ರಂಗಕ್ಕೆ ಬಂದು ನಗಿಸುತ್ತಾನೆ. ಅದೂ ಸಣ್ಣ ಕೆಲಸವಲ್ಲ. ಆದರೆ ಭಾಗವತರ ಕೈಯಿಂದ ತಾಳ ಕಸಿದುಕೊಂಡು, ಎಬ್ಬಿಸಿ, ಹಾಸ್ಯಗಾರನ ವೇಷ ಹಾಕಿ ಕುಣಿಸಿದರೆ ಹೇಗಿರುತ್ತದೆ? ಹಾಲಿವುಡ್ ವಾಟ್ಸನ್‌ಗೆ ಮಾಡಿದ್ದು ಇದನ್ನೇ.

1939ರಿಂದ 1946ರವರೆಗೆ ಬೇಸಿಲ್ ರಾತ್‌ಬೋನ್ ಹೋಮ್ಸ್ ಆಗಿ, ನೈಜೆಲ್ ಬ್ರೂಸ್ ವಾಟ್ಸನ್ ಆಗಿ 14 ಸಿನಿಮಾ ಬಂದವು. ಬ್ರೂಸ್‌ನ ವಾಟ್ಸನ್ ದಪ್ಪ ಮನುಷ್ಯ, ಗೊಣಗುತ್ತಾನೆ, ಎಡವುತ್ತಾನೆ, ಎದುರಿಗಿರುವುದೂ ಅವನಿಗೆ ಕಾಣುವುದಿಲ್ಲ. ನೋಡಿದರೆ ಹೋಮ್ಸ್‌ನ ಸೋದರಮಾವನ ಥರ ಇದ್ದಾನೆ. ನಿಜಕ್ಕೆ ಬ್ರೂಸ್ ರಾತ್‌ಬೋನ್‌ಗಿಂತ ಎರಡೂವರೆ ವರ್ಷ ಚಿಕ್ಕವನು! ಪುಸ್ತಕದ ವಾಟ್ಸನ್ ಯಾರು ಅಂತ ನೆನಪಿಸಿಕೊಳ್ಳಿ. ಲಂಡನ್ ವಿಶ್ವವಿದ್ಯಾಲಯದಲ್ಲಿ 1878ರಲ್ಲಿ ವೈದ್ಯಕೀಯ ಪದವಿ ಪಡೆದವನು. ಸೇನೆಯ ಡಾಕ್ಟರ್ ಆಗಿ ಬಾಂಬೆಯಲ್ಲಿ ಬಂದಿಳಿದು, ಅಲ್ಲಿಂದ ಅಫ್ಘಾನಿಸ್ತಾನಕ್ಕೆ ಹೋಗಿ, ಮೈವಾಂದ್ ಯುದ್ಧದಲ್ಲಿ ಗುಂಡು ತಿಂದು, ಪೇಶಾವರದಲ್ಲಿ ಟೈಫಾಯ್ಡ್ ಜ್ವರದಿಂದ ಸಾಯುವ ಹಾಗಾಗಿ ಊರಿಗೆ ಮರಳಿದವನು. ಇಂಥವನು ಪೆದ್ದನಾಗುವುದು ಹೇಗೆ? ಅವನು ಸಾಮಾನ್ಯ ಬುದ್ಧಿಯವನು, ಅಷ್ಟೇ. ಹೋಮ್ಸ್ ಪಕ್ಕ ನಿಂತರೆ ಯಾರೇ ಆದರೂ ಸಾಮಾನ್ಯರೇ ಅಲ್ವಾ.

ಬ್ರೂಸ್ ಕೆಟ್ಟ ನಟ ಅಂತ ನಾನು ಹೇಳುತ್ತಿಲ್ಲ. ಅವನಲ್ಲಿ ಪ್ರೀತಿ ಹುಟ್ಟುತ್ತದೆ. ತೊಂದರೆ ಏನೆಂದರೆ ಆ ಅಚ್ಚು ಗಟ್ಟಿಯಾಗಿಬಿಟ್ಟಿತು. ಪತ್ತೇದಾರನ ಜೊತೆಗಾರ ಅಂದರೆ ದಡ್ಡ ಅಂತ ಲೋಕವೇ ನಂಬಿತು. ನಮ್ಮ ದೂರದರ್ಶನದಲ್ಲಿ 1985ರಲ್ಲಿ ಬಂದ 'ಕರಮ್‌ಚಂದ್' ನೆನಪಿದೆಯಾ? ಕ್ಯಾರೆಟ್ ಕಡಿಯುವ ಪಂಕಜ್ ಕಪೂರ್, ಪಕ್ಕದಲ್ಲಿ ಕಿಟ್ಟಿ. ಅವಳು ಬಾಯಿಬಿಟ್ಟರೆ ಸಾಕು, 'ಶಟಪ್ ಕಿಟ್ಟಿ'. ಅದು ಹೋಮ್ಸ್ ಕಥೆಯೇ ಅಲ್ಲ, ಆದರೂ ಆ ಹುಡುಗಿ ನೈಜೆಲ್ ಬ್ರೂಸ್‌ನ ಮೊಮ್ಮಗಳು.

ಈ ಅಚ್ಚು ಮುರಿಯಲು ತುಂಬ ವರ್ಷ ಬೇಕಾಯಿತು. 1959ರ 'ಬಾಸ್ಕರ್‌ವಿಲ್' ಸಿನಿಮಾದಲ್ಲಿ ಆಂದ್ರೆ ಮೊರೆಲ್ ಗಂಭೀರವಾದ ವಾಟ್ಸನ್ ಆಗಿದ್ದ. 1979ರಿಂದ 1986ರವರೆಗೆ ಸೋವಿಯತ್ ಟಿವಿಯಲ್ಲಿ ಬಂದ ಸರಣಿ ನನಗೆ ಬಹಳ ಇಷ್ಟ. ಅಲ್ಲಿ ವಿತಾಲಿ ಸೊಲೊಮಿನ್ ವಾಟ್ಸನ್. ಮೊದಲ ಕಂತಿನಲ್ಲೇ ಅವನಿಗೆ ಹೋಮ್ಸ್ ಮೇಲೆ ಅನುಮಾನ ಬರುತ್ತದೆ. ಮನೆಗೆ ಯಾರ್ಯಾರೋ ಬರುತ್ತಾರೆ, ಇವನು ವೇಷ ಬದಲಿಸಿ ಹೋಗುತ್ತಾನೆ, ಹಾಗಾದರೆ ಇವನು ಕಳ್ಳರ ಗುಂಪಿನ ನಾಯಕನೇ ಇರಬೇಕು ಅಂತ ವಾಟ್ಸನ್ ಲೆಕ್ಕ ಹಾಕುತ್ತಾನೆ. ಲೆಕ್ಕ ತಪ್ಪು, ಆದರೆ ಯೋಚಿಸುವ ದಾರಿ ಸರಿಯಾಗಿದೆ. ನಾವೂ ಅವನ ಜೊತೆ ಕೂತು ಹೋಮ್ಸ್‌ನನ್ನೇ ಪತ್ತೆ ಮಾಡುತ್ತೇವೆ. ಕಥೆ ಹೇಳುವ ಕೆಲಸ ಹೋಯಿತು ಅಂತ ಅವನಿಗೆ ಹೋಮ್ಸ್‌ನನ್ನು ಕಂಡುಹಿಡಿಯುವ ಕೆಲಸ ಕೊಟ್ಟರು. ಎಷ್ಟು ಒಳ್ಳೆಯ ಯೋಚನೆ!

ಬ್ರಿಟನ್ನಿನ ಗ್ರನಾಡಾ ಟಿವಿಯವರು 1984ರಿಂದ 1994ರವರೆಗೆ ಜೆರೆಮಿ ಬ್ರೆಟ್‌ನನ್ನು ಹೋಮ್ಸ್ ಮಾಡಿದರು. ಅಲ್ಲಿ ವಾಟ್ಸನ್ ಇಬ್ಬರು. ಮೊದಲು ಡೇವಿಡ್ ಬರ್ಕ್, ಆಮೇಲೆ ಎಡ್ವರ್ಡ್ ಹಾರ್ಡ್‌ವಿಕ್. ಬದಲಾದ ಜಾಗ ನೋಡಿ. ಹೋಮ್ಸ್ ಜಲಪಾತದಲ್ಲಿ ಬಿದ್ದು ಸತ್ತ ಅಂತ ನಂಬಿದ ಕಂತು ಬರ್ಕ್‌ನ ಕೊನೆಯದು. ಹೋಮ್ಸ್ ಮೂರು ವರ್ಷದ ನಂತರ ಬದುಕಿ ಬರುವ ಕಂತು ಹಾರ್ಡ್‌ವಿಕ್‌ನ ಮೊದಲನೆಯದು. ನೋಡುವವರಿಗೆ ವಾಟ್ಸನ್ ಮೂರು ವರ್ಷ ದುಃಖ ತಿಂದು ಮಾಗಿದ್ದಾನೆ ಅನ್ನಿಸುತ್ತದೆ. ಬರ್ಕ್‌ನಲ್ಲಿ ಹುರುಪು ಜಾಸ್ತಿ, ಹಾರ್ಡ್‌ವಿಕ್‌ನಲ್ಲಿ ಸಮಾಧಾನ ಜಾಸ್ತಿ. ಇಬ್ಬರೂ ಹೋಮ್ಸ್ ಮಾತಾಡುವಾಗ ನಿಜವಾಗಿ ಕೇಳಿಸಿಕೊಳ್ಳುತ್ತಾರೆ. ತಾಳಮದ್ದಲೆ ನೋಡಿದವರಿಗೆ ಗೊತ್ತು, ಎದುರಿನ ಅರ್ಥಧಾರಿ ಕೇಳಿಸಿಕೊಳ್ಳದಿದ್ದರೆ ಎಂಥ ದೊಡ್ಡ ಅರ್ಥಧಾರಿಯ ಮಾತೂ ಸೋಲುತ್ತದೆ.

ಬಿಬಿಸಿಯ 'ಷರ್ಲಾಕ್' 2010ರಲ್ಲಿ ಶುರುವಾಯಿತು. ಅದರಲ್ಲಿ ಮೊದಲು ಕಾಣುವ ಮುಖ ಷರ್ಲಾಕ್‌ನದಲ್ಲ, ಯುದ್ಧದ ಕೆಟ್ಟ ಕನಸಿನಿಂದ ಎದ್ದು ಕೂತ ಮಾರ್ಟಿನ್ ಫ್ರೀಮನ್‌ನ ವಾಟ್ಸನ್. ಇವನೂ ಅಫ್ಘಾನಿಸ್ತಾನದಿಂದಲೇ ಬಂದವನು. ಸುಮಾರು 130 ವರ್ಷ ಕಳೆದರೂ ಆ ಸಾಲು ಬದಲಿಸುವ ಅಗತ್ಯ ಬೀಳಲಿಲ್ಲ, ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇವನು ಬ್ಲಾಗ್ ಬರೆಯುತ್ತಾನೆ, ಅಂದರೆ ತಾಳ ಮತ್ತೆ ಭಾಗವತರ ಕೈಗೆ ಬಂತು. ಅಮೆರಿಕದ 'ಎಲಿಮೆಂಟರಿ' 2012ರಿಂದ 2019ರವರೆಗೆ ನಡೆಯಿತು. ಅಲ್ಲಿ ವಾಟ್ಸನ್ ಹೆಣ್ಣು, ಲೂಸಿ ಲಿಯು. ಶಸ್ತ್ರಚಿಕಿತ್ಸೆ ಮಾಡುವುದನ್ನು ಬಿಟ್ಟ ಡಾಕ್ಟರ್. ಮಾದಕ ವಸ್ತುವಿನ ಚಟ ಬಿಟ್ಟು ಬಂದ ಷರ್ಲಾಕ್‌ನನ್ನು ಕಾಯುವುದು ಅವಳಿಗೆ ಸಿಕ್ಕ ಕೆಲಸ. ನಿಧಾನಕ್ಕೆ ಅವನಿಂದ ಕಲಿತು ತಾನೇ ಪತ್ತೇದಾರಳಾಗುತ್ತಾಳೆ. ಬಿಬಿಸಿಯದು ಹೆಚ್ಚು ಜನಪ್ರಿಯ, ಆದರೆ ವಾಟ್ಸನ್ ಬೆಳೆಯುವುದನ್ನು ನೋಡಬೇಕಾದರೆ ನಾನು 'ಎಲಿಮೆಂಟರಿ'ಯನ್ನೇ ಹಾಕುತ್ತೇನೆ. ಏಳು ಸೀಸನ್‌ನಲ್ಲಿ ಒಂದು ಪಾತ್ರ ಇಷ್ಟು ನ್ಯಾಯವಾಗಿ ಬೆಳೆಯುವುದು ಅಪರೂಪ.

ಐರೀನ್ ಆಡ್ಲರ್ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. 1891ರಲ್ಲಿ ಅಚ್ಚಾದ ಒಂದೇ ಒಂದು ಕಥೆಯಲ್ಲಿ ಅವಳು ಬರುತ್ತಾಳೆ. ಹಾಡುಗಾರ್ತಿ. ಒಬ್ಬ ರಾಜನ ಜೊತೆಗಿನ ಫೋಟೋ ಅವಳ ಹತ್ತಿರ ಇದೆ, ಅದನ್ನು ತರಬೇಕು ಅಂತ ರಾಜ ಹೋಮ್ಸ್‌ಗೆ ಹೇಳುತ್ತಾನೆ. ಹೋಮ್ಸ್ ವೇಷ ಹಾಕುತ್ತಾನೆ, ಬೆಂಕಿ ಬಿತ್ತು ಅಂತ ಕೂಗಿಸುತ್ತಾನೆ, ಫೋಟೋ ಎಲ್ಲಿದೆ ಅಂತ ಕಂಡುಹಿಡಿಯುತ್ತಾನೆ. ಮರುದಿನ ಹೋದರೆ ಅವಳು ಇಲ್ಲ. ತಾನು ಮೆಚ್ಚಿದವನನ್ನು ಮದುವೆಯಾಗಿ, ಫೋಟೋ ತೆಗೆದುಕೊಂಡು, ಹೋಮ್ಸ್‌ಗೆ ಒಂದು ಕಾಗದ ಬರೆದಿಟ್ಟು ಹೋಗಿದ್ದಾಳೆ. ಅವಳು ಗೆದ್ದಳು, ಅವನು ಸೋತ. 1984ರಲ್ಲಿ ಗ್ರನಾಡಾದವರು ತಮ್ಮ ಮೊದಲ ಕಂತಾಗಿ ಇದನ್ನೇ ತೆಗೆದರು, ಇದ್ದ ಹಾಗೇ ತೆಗೆದರು. ಆಮೇಲಿನದನ್ನು ನೋಡಿ. 2009ರ ಸಿನಿಮಾದಲ್ಲಿ ಅವಳು ಹೋಮ್ಸ್‌ನ ಕಡುವೈರಿ ಮೊರಿಯಾರ್ಟಿಯ ಕೈಕೆಳಗೆ ಕೆಲಸ ಮಾಡುವವಳು. 2012ರ ಬಿಬಿಸಿ ಕಂತಿನಲ್ಲಿ ಕೊನೆಗೆ ಷರ್ಲಾಕ್‌ನೇ ಗೆಲ್ಲುತ್ತಾನೆ, ಅಷ್ಟು ಸಾಲದು ಅಂತ ಅವಳ ಜೀವವನ್ನೂ ಅವನೇ ಬಂದು ಉಳಿಸುತ್ತಾನೆ. 1891ರ ಹೆಂಗಸು ಸ್ವತಂತ್ರವಾಗಿ ನಡೆದುಹೋದಳು, 2012ರವಳು ಮಂಡಿಯೂರಿ ಕೂತಳು. ಕಾಲ ಮುಂದೆ ಹೋಗಿದೆ, ಪಾತ್ರ ಹಿಂದೆ ಬಂದಿದೆ. 'ಎಲಿಮೆಂಟರಿ'ಯವರು ಅವಳನ್ನೇ ಮೊರಿಯಾರ್ಟಿ ಮಾಡಿದರು. ಅದು ಮೂಲದಿಂದ ತೀರ ದೂರ, ಆದರೂ ಅಲ್ಲಿ ಅವಳ ಬುದ್ಧಿಗೆ ಮರ್ಯಾದೆ ಇದೆ.

ಇನ್ಸ್‌ಪೆಕ್ಟರ್ ಲೆಸ್ಟ್ರೇಡ್‌ಗೆ ಪುಸ್ತಕದಲ್ಲಿ ಪೂರ್ತಿ ಹೆಸರೇ ಇಲ್ಲ, ಇನಿಷಿಯಲ್ ಮಾತ್ರ ಇದೆ. ಆದರೆ 1904ರ ಆರು ನೆಪೋಲಿಯನ್ ಬೊಂಬೆಗಳ ಕಥೆಯ ಕೊನೆಯಲ್ಲಿ ಅವನು ಹೋಮ್ಸ್‌ಗೆ, ನಮಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆ ಇದೆ ಅನ್ನುತ್ತಾನೆ. ಹೋಮ್ಸ್ ಒಂದು ಕ್ಷಣ ಕರಗಿಹೋಗುತ್ತಾನೆ. ಗ್ರನಾಡಾದಲ್ಲಿ ಕಾಲಿನ್ ಜೀವನ್ಸ್ ಆ ಮಾತು ಹೇಳುವುದನ್ನು ನೋಡಿ, ನಿಮ್ಮ ಕಣ್ಣೂ ತುಂಬುತ್ತದೆ. ಪುಸ್ತಕದಲ್ಲಿ ಮನೆಯೊಡತಿ ಮಿಸೆಸ್ ಹಡ್ಸನ್, ಕೊಲೆಗಾರನನ್ನು ಏಮಾರಿಸಲು ಇಟ್ಟ ಹೋಮ್ಸ್‌ನ ಮೇಣದ ಬೊಂಬೆಯನ್ನು ಕಾಲು ಗಂಟೆಗೊಮ್ಮೆ ತೆವಳಿಕೊಂಡು ಹೋಗಿ ತಿರುಗಿಸುತ್ತಾಳೆ, ಕಿಟಕಿಯ ಆಚೆ ಅವನು ಕಾಯುತ್ತಿರುವಾಗ! ಬಿಬಿಸಿಯ ಉನಾ ಸ್ಟಬ್ಸ್ ಈ ಧೈರ್ಯವನ್ನೇ ಹಿಡಿದು ಬೆಳೆಸಿದರು.

ಅಗಾಥಾ ಕ್ರಿಸ್ಟಿಯ ಪತ್ತೇದಾರ, ಬೆಲ್ಜಿಯಂ ಬಿಟ್ಟು ಇಂಗ್ಲೆಂಡಿಗೆ ಬಂದ ಪಾಯ್ರೊ ಕಡೆ ಬಂದರೆ ಲೆಕ್ಕ ಉಲ್ಟಾ. ಕ್ಯಾಪ್ಟನ್ ಹೇಸ್ಟಿಂಗ್ಸ್ ಅನ್ನುವ ಜೊತೆಗಾರನನ್ನು ಕ್ರಿಸ್ಟಿಯೇ ಬೇಗ ಅರ್ಜೆಂಟೀನಾಕ್ಕೆ ಕಳಿಸಿಬಿಟ್ಟರು, ಒಟ್ಟು 8 ಕಾದಂಬರಿಯಲ್ಲಿ ಮಾತ್ರ ಅವನು ಬರುತ್ತಾನೆ. 1989ರಲ್ಲಿ ಡೇವಿಡ್ ಸುಶೆ ಪಾಯ್ರೊ ಆಗಿ ಟಿವಿ ಸರಣಿ ಶುರುವಾದಾಗ ಅವನನ್ನು ವಾಪಸ್ ಕರೆತಂದರು. ಇನ್ಸ್‌ಪೆಕ್ಟರ್ ಜಾಪ್, ಸೆಕ್ರೆಟರಿ ಮಿಸ್ ಲೆಮನ್ ಸೇರಿಸಿ ನಾಲ್ಕು ಜನರ ಒಂದು ಮನೆ ಕಟ್ಟಿದರು. ಪುಸ್ತಕದಲ್ಲಿ ಇವರಿಲ್ಲದ ಕಥೆಗಳಿಗೂ ಇವರನ್ನು ತಂದರು. ಮೂಲಕ್ಕೆ ಮೋಸ ಅಂತ ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ವಿದೇಶದಲ್ಲಿ ಒಂಟಿಯಾಗಿರುವ ಮನುಷ್ಯನಿಗೆ ಇವರು ಬಳಗವಾದರು. ಆಮೇಲೆ ಮೂವರನ್ನೂ ಸರಣಿಯಿಂದ ತೆಗೆದರು. ಕಂತುಗಳು ಕತ್ತಲೆಯಾದವು, ಪಾಯ್ರೊ ಒಬ್ಬನೇ ಊಟ ಮಾಡುವುದನ್ನು ನೋಡಬೇಕಾಯಿತು. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಆದ ಮೇಲೆ, 2013ರಲ್ಲಿ, ಸರಣಿ ಮುಗಿಯುವ ಹೊತ್ತಿಗೆ ಅವರು ಮತ್ತೆ ಬಂದರು. ಊರು ಬಿಟ್ಟ ಅಣ್ಣ ತಮ್ಮಂದಿರು ಹಬ್ಬಕ್ಕೆ ಮನೆಗೆ ಬಂದ ಹಾಗಿತ್ತು.

ಸಣ್ಣ ಪಾತ್ರಕ್ಕೆ ಜಾಗ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1974ರ 'ಓರಿಯಂಟ್ ಎಕ್ಸ್‌ಪ್ರೆಸ್' ನೋಡಬೇಕು. ಇಂಗ್ರಿಡ್ ಬರ್ಗ್‌ಮನ್‌ಗೆ ನಿರ್ದೇಶಕ ಸಿಡ್ನಿ ಲುಮೆಟ್ ರಾಜಕುಮಾರಿಯ ಪಾತ್ರ ಕೊಡಲು ಬಂದರೆ, ಆಕೆ ಅದನ್ನು ಬಿಟ್ಟು ಹೆದರಿಕೆಯ ಸ್ವೀಡಿಷ್ ಮಿಷನರಿ ಹೆಂಗಸಿನ ಸಣ್ಣ ಪಾತ್ರ ಕೇಳಿ ತೆಗೆದುಕೊಂಡರು. ಪಾಯ್ರೊ ಪ್ರಶ್ನೆ ಕೇಳುವಾಗ ಕ್ಯಾಮೆರಾ ಆಕೆಯ ಮುಖ ಬಿಡುವುದಿಲ್ಲ, ಒಂದೇ ಉದ್ದ ಶಾಟ್. ಆ ಪಾತ್ರಕ್ಕೆ ಪೋಷಕ ನಟಿಯ ಆಸ್ಕರ್ ಬಂತು. 2017ರಲ್ಲಿ ಕೆನೆತ್ ಬ್ರಾನಾ ಅದೇ ಕಥೆ ತೆಗೆದಾಗ ಆ ಹೆಂಗಸೇ ಇಲ್ಲ, ಆ ಜಾಗಕ್ಕೆ ಬೇರೆ ಹೆಸರಿನ ಪಾತ್ರ ಬಂತು. ಡಾಕ್ಟರ್ ಒಬ್ಬ, ಕರ್ನಲ್ ಒಬ್ಬ, ಇಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದರು. ಎರಡು ಗಂಟೆಯ ಸಿನಿಮಾದಲ್ಲಿ ಇದು ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಈ ಕಥೆಯಲ್ಲಿ ಒಂದೊಂದು ಮುಖವೂ ಒಂದೊಂದು ಸುಳಿವು. ಮುಖಗಳು ಕರಗಿದರೆ ಒಗಟೂ ಕರಗುತ್ತದೆ.

ನಮ್ಮ ದೇಶದಲ್ಲಿ ಈ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದವರು ಸತ್ಯಜಿತ್ ರಾಯ್. ಅವರು ಬರೆದ ಪತ್ತೇದಾರ ಫೆಲೂದಾನ ಕಥೆಗಳಲ್ಲಿ ಜೊತೆಗಾರರು ಇಬ್ಬರು. ಚಿಕ್ಕಪ್ಪನ ಮಗ ತೋಪ್ಸೆ ಕಥೆ ಹೇಳುತ್ತಾನೆ. ಜಟಾಯು ಅನ್ನುವ ಹೆಸರಲ್ಲಿ ರೋಚಕ ಕಾದಂಬರಿ ಬರೆಯುವ ಲಾಲಮೋಹನ್ ಗಂಗೂಲಿ ನಗಿಸುತ್ತಾರೆ. ಭಾಗವತ ಬೇರೆ, ಹಾಸ್ಯಗಾರ ಬೇರೆ! ಹಾಗಾಗಿ ಇಬ್ಬರಿಗೂ ಅವಮಾನವಾಗಲಿಲ್ಲ. 1974ರ 'ಸೋನಾರ್ ಕೆಲ್ಲಾ'ದಲ್ಲಿ ಸಂತೋಷ್ ದತ್ತ ಜಟಾಯು ಆದರು. ಆಮೇಲಿನ ಕಥೆಗಳಿಗೆ ರಾಯ್ ಬರೆದ ಚಿತ್ರಗಳಲ್ಲಿ ಜಟಾಯುವಿನ ಮುಖ ದತ್ತರ ಮುಖವೇ ಆಗಿಹೋಯಿತು. ತೆರೆ ಪುಸ್ತಕವನ್ನು ತಿದ್ದಿತು. 1988ರಲ್ಲಿ ದತ್ತ ತೀರಿಕೊಂಡ ಮೇಲೆ ರಾಯ್ ಮತ್ತೆ ಫೆಲೂದಾ ಸಿನಿಮಾ ಮಾಡಲಿಲ್ಲ. ಪತ್ತೇದಾರ ಇದ್ದ, ಪಕ್ಕದವರು ಇರಲಿಲ್ಲ, ಕೆಲಸ ನಿಂತಿತು. ಇನ್ನೊಬ್ಬ ಬಂಗಾಳಿ ಪತ್ತೇದಾರ ಬ್ಯೋಮಕೇಶ್ ಬಕ್ಷಿಯ ಜೊತೆಗಾರ ಅಜಿತ್ ಕೂಡ ಬರಹಗಾರನೇ. 1993ರ ದೂರದರ್ಶನದ ಸರಣಿಯಲ್ಲಿ ಕೆ.ಕೆ. ರೈನಾ ಆ ಪಾತ್ರವನ್ನು ಎಷ್ಟು ಮೆಲ್ಲಗೆ ಮಾಡಿದ್ದಾರೆ ಅಂದರೆ, ಪಕ್ಕದ ಮನೆಯ ಮೇಷ್ಟ್ರು ಬಂದು ಕೂತ ಹಾಗೆ ಇರುತ್ತದೆ. 2015ರ ಸಿನಿಮಾದಲ್ಲಿ ಅಜಿತ್‌ನ ಕಾಣೆಯಾದ ಅಪ್ಪನನ್ನು ಹುಡುಕುವುದೇ ಕೇಸು. ಪಕ್ಕದವನಿಗೂ ಸ್ವಂತ ದುಃಖ ಬೇಕು ಅನ್ನುವುದು ಈಗಿನ ರೂಢಿ. ಅಲ್ಲಿ ಅದು ಹೊಂದಿದೆ.

ಈಗ ಯಾಕೆ ಈ ಮಾತು? ಹೋಮ್ಸ್ ಈಗ ಎಲ್ಲರಿಗೂ ಸೇರಿದವನು. 1927ರಲ್ಲಿ ಅಚ್ಚಾದ ಕೊನೆಯ ಕಥೆಗಳ ಹಕ್ಕು ಅಮೆರಿಕದಲ್ಲಿ 2023ರ ಜನವರಿ 1ಕ್ಕೆ ಮುಗಿಯಿತು. ಅದಕ್ಕೂ ಮೊದಲು, 2020ರಲ್ಲಿ, 'ಎನೋಲಾ ಹೋಮ್ಸ್' ಸಿನಿಮಾದ ಮೇಲೆ ಡಾಯ್ಲ್ ಎಸ್ಟೇಟಿನವರು, ಅಂದರೆ ಅವರ ಕೃತಿಗಳ ಹಕ್ಕು ನೋಡಿಕೊಳ್ಳುವವರು, ಕೇಸು ಹಾಕಿದ್ದರು. ಅವರ ವಾದ ಕೇಳಿ. ಹೋಮ್ಸ್ ಪ್ರೀತಿ ತೋರಿಸಲು ಶುರುಮಾಡಿದ್ದು ಕೊನೆಯ ಕಥೆಗಳಲ್ಲಿ, ಅವುಗಳ ಹಕ್ಕು ಇನ್ನೂ ನಮ್ಮದು, ಹಾಗಾಗಿ ಪ್ರೀತಿ ಇರುವ ಹೋಮ್ಸ್ ನಮ್ಮವನು ಅಂತ. ಆ ವರ್ಷವೇ ಕೇಸು ಮುಗಿಯಿತು. ಹೋಮ್ಸ್ ಪ್ರೀತಿ ತೋರಿಸುವ ಕಥೆಗಳಲ್ಲಿ ಎದ್ದು ಕಾಣುವುದು 1924ರದು, ವಾಟ್ಸನ್‌ನ ತೊಡೆಗೆ ಗುಂಡು ತಾಗಿದಾಗ ಹೋಮ್ಸ್ ತತ್ತರಿಸಿಹೋಗುವ ಕಥೆ. ಪಕ್ಕದವನಿಗೆ ಏಟು ಬಿದ್ದಾಗಲೇ ನಾಯಕನ ಎದೆ ಕಂಡಿದ್ದು.

ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಡಾಯ್ಲ್ ತೀರಿಕೊಂಡಿದ್ದು 1930ರಲ್ಲಿ, ಹಾಗಾಗಿ ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ಕ್ರಿಸ್ಟಿಯ ಕಥೆಗೆ 2036 ಮುಗಿಯುವವರೆಗೆ ಅನುಮತಿ ಬೇಕು. 2024ರಲ್ಲಿ ಹಿಂದಿಯಲ್ಲಿ 'ಶೇಖರ್ ಹೋಮ್' ಬಂತು, ರಣವೀರ್ ಶೋರೆ ಅಲ್ಲಿ ವಾಟ್ಸನ್. 2025ರಲ್ಲಿ ಅಮೆರಿಕದಲ್ಲಿ 'ವಾಟ್ಸನ್' ಅಂತಲೇ ಒಂದು ಸರಣಿ ಶುರುವಾಯಿತು. ಕನ್ನಡದಲ್ಲೂ ಇಂದೋ ನಾಳೆಯೋ ಬರುತ್ತದೆ. ನನ್ನ ಹೆದರಿಕೆ ಇರುವುದು ಅಲ್ಲಿ. ನಮ್ಮ ಸಿನಿಮಾದಲ್ಲಿ ನಾಯಕನ ಗೆಳೆಯ ಅಂದರೆ ಕಾಮಿಡಿ ನಟನಿಗೆ ಮೀಸಲಿಟ್ಟ ಜಾಗ. ಯಾರೂ ಯೋಚಿಸದೆಯೇ ನೈಜೆಲ್ ಬ್ರೂಸ್ ಬಂದು ಕೂತುಬಿಡುತ್ತಾನೆ.

ಶಿವಮೊಗ್ಗದ ನನ್ನ ಇಬ್ಬರು ಗೆಳೆಯರು ಬಾಸ್ಕರ್‌ವಿಲ್ ಕಥೆಯನ್ನು ಮಲೆನಾಡಿಗೆ ತಂದು ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಬರೆಯುತ್ತಿದ್ದಾರೆ. ಜಾಗ ಚೆನ್ನಾಗಿ ಹುಡುಕಿದ್ದಾರೆ. ಜೋಗದಿಂದ ಹೊನ್ನಾವರದ ಕಡೆ ಇಳಿಯುವಾಗ ಸಿಗುವ ಕತ್ತಲೆಕಾನು, ಅಲ್ಲಿನ ರಾಮಪತ್ರೆ ಜಡ್ಡಿ, ಕಾಲಿಟ್ಟರೆ ಹೂತುಹೋಗುವ ಕೆಸರು. ಮೂಲದ ಜೌಗಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. ಆದರೆ ವಾಟ್ಸನ್ ಪಾತ್ರಕ್ಕೆ ನಗಿಸುವ ಹುಡುಗನನ್ನು ಹಾಕಿದ್ದಾರೆ. ನಾನು ಬೇಡ ಅಂತ ಜಗಳವನ್ನೇ ಮಾಡಿದೆ. ಆ ಕಾದಂಬರಿಯ ನಡುವೆ ಹೋಮ್ಸ್ ಇರುವುದೇ ಇಲ್ಲ. ಹೋಮ್ಸ್ ಇಲ್ಲದೆ ವಾಟ್ಸನ್ ಒಬ್ಬನೇ ಬಾಸ್ಕರ್‌ವಿಲ್ ಮನೆತನದ ಬಂಗಲೆಯಲ್ಲಿದ್ದು, ರಾತ್ರಿ ಎದ್ದು ಕಿಟಕಿಯ ಬೆಳಕು ಹಿಂಬಾಲಿಸಿ, ಕಾಗದ ಬರೆದು, ಡೈರಿ ಬರೆದು ಕಥೆ ಹೊತ್ತುಕೊಂಡು ಹೋಗುತ್ತಾನೆ. ನಗಿಸುವ ಹುಡುಗ ಅಷ್ಟು ಭಾರ ಹೊರುವುದು ಹೇಗೆ? ನಮಗೆ ಮಾದರಿಗೆ ದೂರ ಹೋಗಬೇಕಾಗಿಲ್ಲ. ತೇಜಸ್ವಿಯವರ 'ಕರ್ವಾಲೊ' ಪತ್ತೇದಾರಿ ಕಥೆಯಲ್ಲ, ಆದರೂ ಅಲ್ಲಿ ವಿಜ್ಞಾನಿ ಇದ್ದಾನೆ, ಹುಡುಕಾಟ ಇದೆ, ಪಕ್ಕದಲ್ಲಿ ತೋಟ ಮಾಡಿಕೊಂಡು ಕಥೆ ಹೇಳುವವನಿದ್ದಾನೆ. ಹಾರುವ ಓತಿಯ ಸುಳಿವು ಕೊಡುವವನು ಜೇನು ಕೀಳುವ ಮಂದಣ್ಣ. ನಗು ಎಷ್ಟೊಂದಿದೆ, ಆದರೂ ಯಾರನ್ನೂ ಪೆದ್ದ ಮಾಡಿಲ್ಲ. ಗೆಳೆಯರು ಈಗ ಆ ಪಾತ್ರಕ್ಕೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಒಬ್ಬನನ್ನು ಯೋಚಿಸುತ್ತಿದ್ದಾರೆ. ಸೇನೆಯಲ್ಲಿದ್ದು ಬಂದವನು, ಮಾತು ಕಡಿಮೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು.

ಆ ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ಲ್ಯಾಪ್‌ಟಾಪ್‌ನ ಚಾರ್ಜು ಮುಗಿಯಿತು, ಕರೆಂಟೂ ಹೋಯಿತು. ಚಾರ್ಜರ್ ಲೈಟ್ ಹಚ್ಚಿಕೊಂಡು ಸುಲಿತ ಮುಂದುವರಿಯಿತು. ಉಳಿದ ಕಥೆಯನ್ನು ನಾನೇ ಹೇಳಲು ಶುರುಮಾಡಿದೆ, 'ನಾನು ಡಾಕ್ಟರ್ ವಾಟ್ಸನ್' ಅಂತಲೇ. ಚಂದ್ರ ಮೇಲೆ ಬಂದಿದ್ದ, ದೂರದ ಗುಡ್ಡದ ತುದಿಯಲ್ಲಿ ಒಬ್ಬ ಮನುಷ್ಯ ಕೈ ಕಟ್ಟಿ ನಿಂತಿದ್ದ, ನಾನು ತೋರಿಸುವಷ್ಟರಲ್ಲಿ ಇರಲಿಲ್ಲ ಅಂದೆ. ಕತ್ತಿಯ ಸದ್ದು ನಿಂತಿತು.

"ಅವ ಯಾರು? ಅದನ್ನ ಮೊದ್ಲು ಹೇಳು," ಅಂದರು ಚಿಕ್ಕಮ್ಮ.

ನಾನು ಹೇಳಲಿಲ್ಲ. ವಾಟ್ಸನ್‌ಗೇ ಇನ್ನೂ ಗೊತ್ತಿರಲಿಲ್ಲ.